ಮೇಲೆ ಹಳದಿ, ಕೆಳಗೆ ಹಸಿರು: ಒಂದು ಪೆಟೂನಿಯಾ ಪಾತಿಯ ಪ್ರಕರಣ

ಇದು ಒಂದೇ ಒಂದು ಪಾತಿಯ ಕತೆ. ನಡುವೆ 36 ಪೆಟೂನಿಯಾ ಗಿಡ, ಸುತ್ತ ಅಂಚಿಗೆ 14 ಚೆಂಡು ಹೂವಿನ ಗಿಡ. ಮಣ್ಣು, ನೀರು, ಬಿಸಿಲು ಎರಡಕ್ಕೂ ಒಂದೇ. ನಾಟಿ ಮಾಡಿದ 16ನೇ ದಿನಕ್ಕೆ ಪೆಟೂನಿಯಾ ಹಳದಿ ತಿರುಗಲು ಶುರುವಾಯಿತು. ಚೆಂಡು ಹೂವಿನ ಗಿಡಗಳು ಕಡು ಹಸಿರಾಗಿಯೇ ಉಳಿದವು. ಕಾರಣ ಸಿಗಲು ನನಗೆ ಹತ್ತಿರ ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಎರಡು ಉಪಚಾರ ಮಾಡಿ ಮುಗಿಸಿದ್ದೆ. ಒಂದರಿಂದ ಏನೂ ಉಪಯೋಗ ಆಗಲಿಲ್ಲ. ಇನ್ನೊಂದರಿಂದ ರೋಗ ಜಾಸ್ತಿಯಾಯಿತು.

ಬಿತ್ತಿದ ದಿನದಿಂದ ಟಿಪ್ಪಣಿ ಇಟ್ಟಿದ್ದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೇ ಬರೆಯಬಹುದು. ಕೆಳಗಿನ ದಿನಗಳೆಲ್ಲ ಬಿತ್ತಿದ ದಿನದಿಂದ ಲೆಕ್ಕ.

ಸಸಿ ಹಂತ

ಪೆಟೂನಿಯಾ ಬೀಜ ಅಂದರೆ ಹೆಚ್ಚುಕಡಿಮೆ ಧೂಳು. ಒಂದು ಗ್ರಾಂಗೆ ಸುಮಾರು 10,000 ಬೀಜ ಬರುತ್ತದೆ. ಕೈಗೆ ಸಿಗಲಿ ಅಂತ ಲೇಪ ಹಚ್ಚಿ ಗುಳಿಗೆ ಮಾಡಿದ ಬೀಜವೂ ಸಿಗುತ್ತದೆ. ನಾನು ತಂದಿದ್ದು ಅದನ್ನೇ. ಇದು ಮೊಳೆಯಲು ಬೆಳಕು ಬೇಕು. ಮೇಲೆ ಮಣ್ಣು ಮುಚ್ಚಬಾರದು. ಒದ್ದೆ ಮಾಡಿದ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಟ್ರೇ ಮೇಲೆ ಒಂದೊಂದೇ ಗುಳಿಗೆ ಇಟ್ಟು, ಸ್ಪ್ರೇಯಿಂದ ತೇವ ಮಾಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬೆಳಕಿನ ಕಿಟಕಿ ಹತ್ತಿರ ಇಟ್ಟೆ. 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚಗಿತ್ತು. 7ನೇ ದಿನ ಮೊದಲ ಹಸಿರು ಚುಕ್ಕೆಗಳು ಕಂಡವು. ಮರುದಿನವೇ ಹಾಳೆ ತೆಗೆದೆ. ಮುಚ್ಚಿದ ತೇವದಲ್ಲೇ ಬಿಟ್ಟರೆ ಸಸಿಯ ಬುಡ ಕೊಳೆತು ಸಾಲುಸಾಲಾಗಿ ಮಲಗಿಬಿಡುತ್ತವೆ.

30ನೇ ದಿನ ಪುಟ್ಟ ಕುಂಡಗಳಿಗೆ ಬದಲಾಯಿಸಿದೆ. 45ನೇ ದಿನ ಕುಡಿ ಚಿವುಟಿದೆ. ಪೆಟೂನಿಯಾ ನಿಜದಲ್ಲಿ ವರ್ಷದ ಮೇಲೂ ಬದುಕುವ ಗಿಡ. ಆದರೆ ಹಿಮ ಬೀಳುವ ಚಳಿ ತಡೆಯುವುದಿಲ್ಲ, ವಯಸ್ಸಾದ ಹಾಗೆ ಉದ್ದುದ್ದ ಬೆಳೆದು ಸೊರಗುತ್ತದೆ. ಅದಕ್ಕೇ ಎಲ್ಲರೂ ಒಂದು ಋತುವಿನ ಹೂವಾಗಿಯೇ ಬೆಳೆಸುವುದು. ಚಿವುಟದೆ ಬಿಟ್ಟರೆ ಒಂದೇ ಕಾಂಡ ಮೇಲೇರಿ ತುದಿಯಲ್ಲಷ್ಟೇ ಹೂ ಬಿಡುತ್ತದೆ.

ಈ ಹಂತದಲ್ಲಿ ಒಂದು ಎಲೆಯೂ ಹಳದಿ ಇರಲಿಲ್ಲ. ಇದನ್ನು ಮುಖ್ಯವಾಗಿ ನೆನಪಿಡಿ. ಬೀಜ ಸರಿ ಇಲ್ಲ ಅಂತ ಆಮೇಲೆ ಕೆಲವರು ಹೇಳಿದರು. ಬೀಜದ್ದೇ ದೋಷ ಆಗಿದ್ದರೆ 58 ದಿನ ಟ್ರೇ, ಕುಂಡಗಳಲ್ಲಿ ಅಷ್ಟು ಚೆನ್ನಾಗಿ ಬೆಳೆಯುತ್ತಿದ್ದವೇ?

58ನೇ ದಿನ ಪಾತಿಗೆ ನಾಟಿ ಆಯಿತು. ಗಿಡದಿಂದ ಗಿಡಕ್ಕೆ 25 ಸೆಂಟಿಮೀಟರ್. ದಿನಕ್ಕೆ ಸುಮಾರು 20 ಲೀಟರ್ ಬೋರ್ ನೀರು, ಬೆಳಿಗ್ಗೆ, ಬುಡಕ್ಕೆ.

ಹಳದಿ ಬಂದದ್ದು ಹೇಗೆ

74ನೇ ದಿನ ಟಿಪ್ಪಣಿಯಲ್ಲಿ ಬರೆದದ್ದು ಇಷ್ಟೇ: "ಮೂರನೇ ಸಾಲಿನ ಗಿಡಗಳ ತುದಿ ಸ್ವಲ್ಪ ತಿಳಿ ಬಣ್ಣ." ನಾಲ್ಕು ದಿನ ಕಳೆಯುವಷ್ಟರಲ್ಲಿ ಎಲ್ಲ ಸಾಲಿಗೂ ಹರಡಿತ್ತು.

ಒಂದು ಗಿಡವನ್ನು ಹತ್ತಿರದಿಂದ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬುಡದ ಎಲೆಗಳು ದಪ್ಪಗೆ, ಹಸಿರಾಗಿ, ಮುಟ್ಟಿದರೆ ಅಂಟು ಅಂಟು. ಪೆಟೂನಿಯಾ ಮೈಯೆಲ್ಲ ಅಂಟಿನ ಸಣ್ಣ ಕೂದಲು, ಚಿಕ್ಕ ಹುಳುಗಳು ಅದರಲ್ಲೇ ಸಿಕ್ಕಿಕೊಂಡಿರುತ್ತವೆ. ನಡುವಿನ ಎಲೆಗಳಲ್ಲಿ ನರ ಹಸಿರು, ನರಗಳ ಮಧ್ಯದ ಜಾಗ ಹಳದಿ. ಯಾರೋ ಹಳದಿ ಬಟ್ಟೆ ಮೇಲೆ ಹಸಿರು ದಾರದಲ್ಲಿ ಹೊಲಿದ ಹಾಗೆ. ತುದಿಯ ಚಿಗುರಂತೂ ಬೆಣ್ಣೆ ಬಣ್ಣ, ನರದಲ್ಲೂ ಹಸಿರಿಲ್ಲ. ಒಂದೇ ಗಿಡದಲ್ಲಿ, ಒಂದು ಗೇಣಿನೊಳಗೆ, ಮೂರು ಹಂತ.

ಈ ಚಿತ್ರದಲ್ಲೇ ಉತ್ತರ ಇತ್ತು. ನನಗೆ ಅದನ್ನು ಓದಲು ಬರುತ್ತಿರಲಿಲ್ಲ. ಹಳದಿ ಅಂದ ಕೂಡಲೇ ಗಿಡಕ್ಕೆ ಹಸಿವಾಗಿದೆ ಅಂದುಕೊಂಡೆ. 77ನೇ ದಿನ ಯೂರಿಯಾ ಕರಗಿಸಿ ಹಾಕಿದೆ. ಐದು ದಿನದಲ್ಲಿ ಕೆಳಗಿನ ಎಲೆಗಳು ಇನ್ನೂ ಕಡು ಹಸಿರಾದವು. ಮೇಲಿನ ಚಿಗುರು ಹಾಗೇ ಉಳಿಯಿತು. ಸಾರಜನಕದ ಕೊರತೆ ಆಗಿದ್ದರೆ ಇಡೀ ಗಿಡ ಹಸಿರಾಗಬೇಕಿತ್ತು ಅಲ್ವಾ? ಆ ಪ್ರಶ್ನೆ ಆವತ್ತೇ ಬರಬೇಕಿತ್ತು, ಬರಲಿಲ್ಲ. 82ನೇ ದಿನ ಪಾತಿಯ ತುಂಬ ಕಟ್ಟಿಗೆ ಬೂದಿ ಉದುರಿಸಿದೆ. ಬೂದಿ ಒಳ್ಳೆಯ ಗೊಬ್ಬರ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತು. ಅದರಲ್ಲಿ ಪೊಟ್ಯಾಶ್ ಇದೆ, ನಿಜ. ಸುಣ್ಣದ ಅಂಶವೂ ಬೇಕಾದಷ್ಟಿದೆ. ವಾರದೊಳಗೆ ಆರೇಳು ಗಿಡಗಳ ಚಿಗುರಿನ ಅಂಚು ಒಣಗಿ ಕಂದಾಯಿತು.

ಹೂವು ಬರುತ್ತಲೇ ಇತ್ತು, ಆದರೆ ನಾಣ್ಯದಷ್ಟು ಸಣ್ಣದು. ಅದರ ನಡುವೆ ಒಂದು ನೇರಳೆ ಗಿಡದಲ್ಲಿ ಬಿಳಿ ಪಟ್ಟೆಯ ಹೂ ಬಂದವು. ಇದೂ ಅದೇ ಕಾಯಿಲೆಯ ಲಕ್ಷಣ ಅಂತ ಭಾವಿಸಿ ಎರಡು ದಿನ ಅದರ ಹಿಂದೆ ಬಿದ್ದೆ. ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಪೆಟೂನಿಯಾದ ಕೆಲವು ತಳಿಗಳಲ್ಲಿ ಬಣ್ಣ ಮಾಡುವ ಜೀನ್ ದಳದ ಕೆಲವು ಭಾಗದಲ್ಲಿ ತಾನಾಗಿಯೇ ಮೌನವಾಗುತ್ತದೆ, ಅಲ್ಲಿ ಬಿಳಿ ಉಳಿಯುತ್ತದೆ. ಬಿಸಿಲು, ಚಳಿಗೆ ತಕ್ಕಂತೆ ಆ ಬಿಳಿ ಹೆಚ್ಚುಕಡಿಮೆ ಆಗುವುದೂ ಉಂಟು. 1990ರಲ್ಲಿ ವಿಜ್ಞಾನಿಗಳು ಇದೇ ಪೆಟೂನಿಯಾಕ್ಕೆ ನೇರಳೆ ಬಣ್ಣದ ಜೀನ್ ಹೆಚ್ಚುವರಿಯಾಗಿ ಸೇರಿಸಿ ಬಣ್ಣ ಗಾಢ ಮಾಡಲು ಹೋದಾಗ ಕೆಲವು ಗಿಡ ಪೂರ್ತಿ ಬಿಳಿ ಹೂ ಬಿಟ್ಟವು. ಜೀನ್ ಮೌನವಾಗುವುದರ ಬಗ್ಗೆ ಸಿಕ್ಕ ಮೊದಲ ದೊಡ್ಡ ಸುಳಿವುಗಳಲ್ಲಿ ಅದೊಂದು. ಈ ಹೂವಿನ ಬಗ್ಗೆ ನನಗೆ ಇರುವ ಪ್ರೀತಿಗೆ ಇದೂ ಒಂದು ಕಾರಣ, ಅದಕ್ಕೇ ಇಲ್ಲಿ ಬರೆದೆ. ಹಳದಿ ಎಲೆಯ ಲೆಕ್ಕದಲ್ಲಿ ಮಾತ್ರ ಅದು ದಾರಿ ತಪ್ಪಿಸಿದ ಗುರುತು.

ಒಂದು ಪ್ರಶ್ನೆ

91ನೇ ದಿನ ಚಿಕ್ಕಪ್ಪ ಬಂದಿದ್ದರು. ನರ್ಸರಿಯಲ್ಲಿ ತುಂಬಾ ವರ್ಷ ಕೆಲಸ ಮಾಡಿದವರು. ಪಾತಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಒಂದು ಗಿಡ ಎತ್ತಿ ನೋಡಿದರು.

"ಯಾವ ಎಲೆ ಮೊದಲು ಹಳದಿ ಆಯ್ತು?"

"ತುದಿಯದ್ದು, ಚಿಕ್ಕಪ್ಪ."

"ಕೆಳಗಿಂದು ಒಂದಾದ್ರೂ ಹಳದಿ ಆಗಿ ಉದುರಿತ್ತಾ?"

"ಇಲ್ಲ."

"ಹಾಗಾದ್ರೆ ಗೊಬ್ಬರ ಹಾಕೋದು ನಿಲ್ಸು. ಗಿಡ ಕೇಳ್ತಿರೋದು ಕಬ್ಬಿಣ."

ಅವರು ವಿವರಿಸಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಸಾರಜನಕ, ಮೆಗ್ನೀಸಿಯಮ್ ಇಂಥವು ಗಿಡದೊಳಗೆ ಓಡಾಡುತ್ತವೆ. ಕೊರತೆ ಬಂದರೆ ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಚಿಗುರಿಗೆ ಕಳಿಸುತ್ತದೆ. ಆದ್ದರಿಂದ ಹಳದಿ ಕೆಳಗಿನಿಂದ ಶುರುವಾಗುತ್ತದೆ. ಕಬ್ಬಿಣ ಹಾಗಲ್ಲ. ಒಮ್ಮೆ ಒಂದು ಎಲೆ ಸೇರಿದರೆ ಬಹುಮಟ್ಟಿಗೆ ಅಲ್ಲೇ ಕೂರುತ್ತದೆ. ಚಿಗುರಿಗೆ ಬೇರಿನಿಂದ ಹೊಸದಾಗಿಯೇ ಬರಬೇಕು. ಬರುವುದು ನಿಂತರೆ ಹಳದಿ ಮೇಲಿನಿಂದ ಶುರು. ಹಳದಿ ಎಲೆ ಕಂಡಾಗ ಎಷ್ಟು ಹಳದಿ ಅನ್ನುವುದಕ್ಕಿಂತ ಎಲ್ಲಿ ಹಳದಿ ಅನ್ನುವುದನ್ನೇ ಮೊದಲು ನೋಡಬೇಕು. ಈ ಇಡೀ ಬರಹ ಬರೆಯುತ್ತಿರುವುದೇ ಆ ಒಂದು ಮಾತಿಗಾಗಿ.

ಆದರೂ ಬೇರೆ ಸಾಧ್ಯತೆಗಳನ್ನು ಬಿಡುವ ಹಾಗಿರಲಿಲ್ಲ. ಬೇರು ಕೊಳೆತಿದ್ದರೂ ಕಬ್ಬಿಣ ಮೇಲೇರುವುದಿಲ್ಲ. ಮೂರನೇ ಸಾಲಿನ ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ, ಬಕೆಟ್ ನೀರಲ್ಲಿ ಅದ್ದಿ ತೊಳೆದೆವು. ಬೇರು ಬೆಳ್ಳಗೆ, ಗಟ್ಟಿಯಾಗಿ, ಕೊಳೆತ ವಾಸನೆ ಇಲ್ಲದೆ ಇತ್ತು. ಜಂತುಹುಳದ ಗಂಟುಗಳೂ ಇರಲಿಲ್ಲ. ಇನ್ನು ವೈರಸ್. ಪೆಟೂನಿಯಾ ಹೊಗೆಸೊಪ್ಪು, ಟೊಮೆಟೊ, ಮೆಣಸಿನಕಾಯಿಗಳ ಕುಟುಂಬದ್ದು. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಇದಕ್ಕೂ ಬರುತ್ತದೆ, ಬೀಡಿ ಸಿಗರೇಟು ಮುಟ್ಟಿದ ಕೈಯಿಂದಲೂ ಅಂಟಬಹುದು. ಆದರೆ ಆ ರೋಗದಲ್ಲಿ ಹಳದಿ ತೇಪೆ ತೇಪೆಯಾಗಿ ಇರುತ್ತದೆ, ಎಲೆ ಮುರುಟುತ್ತದೆ. ನಮ್ಮದರಲ್ಲಿ ನರದ ಗೆರೆ ಅಷ್ಟು ಅಚ್ಚುಕಟ್ಟು, ಎಲೆಯ ಆಕಾರ ನೆಟ್ಟಗಿತ್ತು. ಅದನ್ನೂ ಕೈಬಿಟ್ಟೆವು.

ಹಾಗಾದರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲವೇ? ಪಾತಿಯದ್ದು ಕೆಂಪು ಮಣ್ಣು. ಆ ಕೆಂಪೇ ಕಬ್ಬಿಣದ್ದು.

ನೀರು

93ನೇ ದಿನ ಅಳೆದೆ. ಒಂದು ಪಾಲು ಮಣ್ಣು, ಎರಡು ಪಾಲು ಡಿಸ್ಟಿಲ್ಡ್ ವಾಟರ್, ಚೆನ್ನಾಗಿ ಕಲಕಿ ಅರ್ಧ ಗಂಟೆ ಬಿಟ್ಟು ಮೀಟರ್ ಅದ್ದಿದೆ. ಪಾತಿಯ ಪಿಎಚ್, ನಮ್ಮ ಕೃಷಿ ಪುಸ್ತಕಗಳ ಮಾತಲ್ಲಿ ರಸಸಾರ, ಅಂದರೆ ಹುಳಿ-ಕ್ಷಾರದ ಅಳತೆ (ಅಂಕಿ ಏರಿದಷ್ಟೂ ಹುಳಿ ಕಡಿಮೆ, ಕ್ಷಾರ ಜಾಸ್ತಿ), 7.9 ಬಂತು. ಮೂಲೆಯಲ್ಲಿ ಉಳಿದಿದ್ದ ಸಸಿ ಕುಂಡದ ಮಿಶ್ರಣದಲ್ಲಿ 6.1. ಪೆಟೂನಿಯಾಕ್ಕೆ ಹಿತವಾಗುವುದು 5.5ರಿಂದ 6ರ ಸುತ್ತ. ಪಾತಿಯ ಮಣ್ಣನ್ನು ಚಮಚದಲ್ಲಿ ತೆಗೆದು ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟೆ. ಸಣ್ಣಗೆ ಸುಯ್ ಅಂತ ನೊರೆ ಎದ್ದಿತು. ಕಿವಿ ಹತ್ತಿರ ಇಟ್ಟರೆ ಕೇಳಿಸುವಷ್ಟು. ಮಣ್ಣಲ್ಲಿ ಪಿಎಚ್ ಏರಿಸುವ ಸುಣ್ಣ ಕೂತಿದೆ ಅನ್ನುವುದಕ್ಕೆ ಅದಕ್ಕಿಂತ ಸುಲಭದ ಪುರಾವೆ ಬೇಡ.

ಸುಣ್ಣ ಬಂದದ್ದು ಎಲ್ಲಿಂದ? ಸ್ವಲ್ಪ ನನ್ನ ಬೂದಿಯಿಂದ. ಆದರೆ ಬೂದಿ ಹಾಕುವ ಮೊದಲೇ ಗಿಡ ಹಳದಿಯಾಗಿತ್ತು. ಉಳಿದದ್ದು ನೀರು. ಬೋರ್ ನೀರಿನ ಪಿಎಚ್ 7.7, ನೋಡಿದರೆ ಹೆದರುವ ಅಂಕಿ ಏನಲ್ಲ. ಅಪಾಯ ಇರುವುದು ಅದರಲ್ಲಿ ಕರಗಿರುವ ಬೈಕಾರ್ಬನೇಟ್‌ನಲ್ಲಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದಲ್ಲ, ಅದು ಇದರಿಂದಲೇ ಆದ ಸುಣ್ಣ. ಗಿಡ ನೀರನ್ನು ಕುಡಿಯುತ್ತದೆ, ಬಿಸಿಲು ನೀರನ್ನು ಒಣಗಿಸುತ್ತದೆ, ಸುಣ್ಣ ಮಣ್ಣಲ್ಲೇ ಉಳಿಯುತ್ತದೆ. ದಿನಕ್ಕೆ 20 ಲೀಟರ್ ಅಂದರೆ ನಾಟಿಯಿಂದ ಆವತ್ತಿನವರೆಗೆ 35 ದಿನಕ್ಕೆ 700 ಲೀಟರ್. ಪ್ರತಿ ಬೆಳಿಗ್ಗೆ ಅಷ್ಟು ಪ್ರೀತಿಯಿಂದ ಹಾಕಿದ ನೀರೇ ಗಿಡದ ಬಾಯಿ ಕಟ್ಟುತ್ತಿತ್ತು.

ಪಿಎಚ್ ಏರಿದರೆ ಕಬ್ಬಿಣ ಮಣ್ಣಲ್ಲಿ ಇದ್ದೂ ಇಲ್ಲದ ಹಾಗೆ. ಬೇರು ಹೀರಬೇಕಾದರೆ ಅದು ನೀರಲ್ಲಿ ಕರಗಬೇಕು. ಮಣ್ಣಿನ ತುಕ್ಕು ರೂಪದ ಕಬ್ಬಿಣ ಪಿಎಚ್ ಒಂದು ಅಂಕ ಏರಿದರೆ ಸುಮಾರು ಸಾವಿರ ಪಟ್ಟು ಕಡಿಮೆ ಕರಗುತ್ತದೆ. 6ರಿಂದ 8ಕ್ಕೆ ಹೋದರೆ ಏನು ಉಳಿಯುತ್ತದೆ, ನೀವೇ ಲೆಕ್ಕ ಹಾಕಿ.

ಇನ್ನು ಚೆಂಡು ಹೂವಿನ ಒಗಟು. ಅದು ಚೆನ್ನಾಗಿದೆ, ಆದ್ದರಿಂದ ಮಣ್ಣು ನೀರು ಎರಡೂ ಸರಿ ಇದೆ ಅಂತ ಮೂರು ವಾರ ನಂಬಿಕೊಂಡಿದ್ದೆ. ಎಲ್ಲ ಗಿಡವೂ ಕಬ್ಬಿಣವನ್ನು ಒಂದೇ ಥರ ಹಿಡಿಯುವುದಿಲ್ಲ. ಕೆಲವು ಗಿಡಗಳು ಬೇರಿನ ಸುತ್ತ ಹುಳಿ ಬಿಟ್ಟು, ಗಟ್ಟಿ ಕಬ್ಬಿಣವನ್ನು ಕರಗುವ ರೂಪಕ್ಕೆ ತಂದುಕೊಳ್ಳುವುದರಲ್ಲಿ ಜೋರು. ಚೆಂಡು ಹೂವು, ಜೆರೇನಿಯಂ ಆ ಗುಂಪಿನವು. ಪೆಟೂನಿಯಾ, ಪ್ಯಾನ್ಸಿ, ಸ್ನ್ಯಾಪ್‌ಡ್ರಾಗನ್ ಈ ಕೆಲಸದಲ್ಲಿ ಸೋಮಾರಿಗಳು. ನೆರೆಯ ಗಿಡ ಚೆನ್ನಾಗಿದೆ ಅನ್ನುವುದು ನೆರೆಯ ಗಿಡದ ಬಗ್ಗೆ ಮಾತ್ರ ಹೇಳುತ್ತದೆ.

ಪಾತಿಯನ್ನು ಮೂರು ಪಾಲು ಮಾಡಿದ್ದು

ಒಂದು ಗಿಡ ಕಿತ್ತಿದ್ದರಿಂದ 35 ಉಳಿದಿದ್ದವು. 95ನೇ ದಿನ ಪಾತಿಗೆ ಎರಡು ಕಡೆ ದಾರ ಕಟ್ಟಿದೆ. ಮೊದಲ 11 ಗಿಡಕ್ಕೆ ಎಂದಿನ ಬೋರ್ ನೀರು. ನಡುವಿನ 12ಕ್ಕೆ ಹಿಡಿದಿಟ್ಟ ಮಳೆನೀರು ಮಾತ್ರ. ಕೊನೆಯ 12ಕ್ಕೆ ಬೋರ್ ನೀರೇ, ಆದರೆ ಒಂದು ಸಲ ಕಬ್ಬಿಣದ ಚೀಲೇಟ್, ಅಂದರೆ ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ಪುಡಿ.

ಇಲ್ಲಿ ಎಚ್ಚರಿಕೆ ಬೇಕಾದ ಒಂದು ವಿಷಯ ಇದೆ. ಕಬ್ಬಿಣ ಅಂದರೆ ಎಲ್ಲ ಒಂದೇ ಅಲ್ಲ. ಅನ್ನಭೇದಿ (ಫೆರಸ್ ಸಲ್ಫೇಟ್) ಸುಣ್ಣದ ಮಣ್ಣಿಗೆ ಬಿದ್ದರೆ ಬೇಗನೆ ತುಕ್ಕಾಗಿ ಮತ್ತೆ ಸಿಗದ ಹಾಗಾಗುತ್ತದೆ. ಇಡಿಟಿಎ ಅನ್ನುವ ಚೀಲೇಟ್ ಪಿಎಚ್ 6.5 ದಾಟಿದರೆ ಕೈಕೊಡುತ್ತದೆ. ಡಿಟಿಪಿಎ 7.5ರ ತನಕ ತಡೆಯುತ್ತದೆ. ಸಾಮಾನ್ಯವಾಗಿ ಸಿಗುವ ಚೀಲೇಟ್‌ಗಳಲ್ಲಿ ನಮ್ಮ 7.9ಕ್ಕೆ ಉಳಿಯುವುದು ಇಡಿಡಿಎಚ್‌ಎ. ಪ್ಯಾಕೆಟ್ ಮೇಲೆ ಬರೀ ಕಬ್ಬಿಣ ಅಂತ ಇದ್ದರೆ ಸಾಲದು, ಈ ಅಕ್ಷರಗಳನ್ನು ಹುಡುಕಿ ನೋಡಬೇಕು. ಕಡು ಕಂದುಗೆಂಪು ಪುಡಿ. 10 ಲೀಟರ್ ನೀರಿಗೆ 4 ಗ್ರಾಂ ಕರಗಿಸಿ ಸಂಜೆ ಹೊತ್ತು ಬುಡಕ್ಕೆ ಹಾಕಿದೆ. ನೀರು ರಕ್ತದ ಬಣ್ಣಕ್ಕೆ ತಿರುಗುತ್ತದೆ. ಎಲೆ ಮೇಲೆ ಬಿದ್ದರೆ ಕಲೆ, ತಕ್ಷಣ ಸಾದಾ ನೀರಲ್ಲಿ ತೊಳೆಯಬೇಕು. ನೆಲದ ಕಲ್ಲಿಗೂ ಅಷ್ಟೇ.

ಚೀಲೇಟ್ ಪಾಲಿನಲ್ಲಿ 6ನೇ ದಿನಕ್ಕೆ, ಅಂದರೆ 101ನೇ ದಿನ, ಚಿಗುರಿನ ನರಗಳು ಮೊದಲು ಹಸಿರಾದವು. ಬೆಣ್ಣೆ ಬಣ್ಣದ ಎಲೆಯ ನಡುವೆ ಒಂದು ತೆಳು ಹಸಿರು ಗೆರೆ, ಅದರಿಂದ ಎರಡೂ ಕಡೆಗೆ ನಿಧಾನ ಹರಡುವ ಹಸಿರು. ಬೆಳಿಗ್ಗೆ ನೋಡಿ ಸಂಜೆ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತಿತ್ತು. ಆ ನಾಲ್ಕೈದು ದಿನ ನನಗೆ ತೋಟದಿಂದ ಒಳಗೆ ಬರಲು ಮನಸ್ಸೇ ಇರಲಿಲ್ಲ. 105ನೇ ದಿನಕ್ಕೆ 12ರಲ್ಲಿ 11 ಗಿಡ ಹಸಿರು.

ಮಳೆನೀರಿನ ಪಾಲು ನಿಧಾನ. ಮಳೆನೀರಲ್ಲಿ ಬೈಕಾರ್ಬನೇಟ್ ಇಲ್ಲವೆನ್ನುವಷ್ಟು ಕಡಿಮೆ, ತುಸು ಹುಳಿಯೂ ಹೌದು. ಆದರೆ ಕೂತ ಸುಣ್ಣವನ್ನು ಅದು ಎರಡು ದಿನದಲ್ಲಿ ತೊಳೆಯಲಾರದು. 114ನೇ ದಿನ ಹೊಸ ಎಲೆಗಳು ಹಸಿರಾಗಿ ಬಂದವು, ಹಳೆಯ ಹಳದಿ ಎಲೆಗಳು ಹಾಗೇ ಇದ್ದವು. ಮೊದಲ ಪಾಲಿನ 11 ಗಿಡ ಇನ್ನೂ ಸೊರಗಿದವು, ಎರಡು ಸತ್ತವು. 116ನೇ ದಿನ ಪ್ರಯೋಗ ಸಾಕು ಅನ್ನಿಸಿತು. ಉಳಿದ 9ಕ್ಕೂ ಚೀಲೇಟ್ ಕೊಟ್ಟೆ. ಅವು 10 ದಿನದಲ್ಲಿ ಚೇತರಿಸಿದವು.

ಈ ಫಲಿತಾಂಶಕ್ಕೆ ಒಂದು ಮಿತಿ ಇದೆ. ಕೊನೆಯ ಪಾಲಿಗೆ ಮಧ್ಯಾಹ್ನದ ಬಿಸಿಲು ಸ್ವಲ್ಪ ಹೆಚ್ಚು ಬೀಳುತ್ತದೆ. ಪಾಲುಗಳನ್ನು ಚೀಟಿ ಎತ್ತಿ ಹಂಚಿದ್ದರೆ ಇನ್ನೂ ಗಟ್ಟಿ ಇರುತ್ತಿತ್ತು. ಆದರೂ ಸತ್ತೇ ಹೋಗುತ್ತಿದ್ದ ಪಾಲು ಅದೇ ಚೀಲೇಟ್‌ಗೆ ಎದ್ದು ಕೂತಿದ್ದರಿಂದ ಕಬ್ಬಿಣದ ಬಗ್ಗೆ ನನಗೆ ಅನುಮಾನ ಉಳಿದಿಲ್ಲ.

ಆಮೇಲೆ

118ನೇ ದಿನ ಮಳೆನೀರು ಮತ್ತು ಚೀಲೇಟ್ ಪಾಲಿನ ಗಿಡಗಳನ್ನು ಅರ್ಧಕ್ಕೆ ಕತ್ತರಿಸಿದೆ. ಕತ್ತರಿ ಇಡಲು ಮನಸ್ಸು ಹಿಂಜರಿಯುತ್ತದೆ, ಆದರೆ ಪೆಟೂನಿಯಾ ಕತ್ತರಿಸಿದಷ್ಟೂ ಕವಲೊಡೆಯುತ್ತದೆ. 142ನೇ ದಿನ ಆ ಎರಡೂ ಪಾಲು ಹೂವಿನಿಂದ ಮುಚ್ಚಿಹೋಗಿತ್ತು. ಸಂಜೆಗೆ ಬಿಳಿ ಹೂಗಳಿಂದ ಪರಿಮಳ ಬರುತ್ತಿತ್ತು. ತೋಟದ ಪೆಟೂನಿಯಾ ಹುಟ್ಟಿದ್ದೇ 1830ರ ದಶಕದಲ್ಲಿ ಯುರೋಪಿನಲ್ಲಿ, ದಕ್ಷಿಣ ಅಮೆರಿಕದಿಂದ ತಂದ ಎರಡು ಕಾಡು ಜಾತಿಗಳ ಕೂಡಿಕೆಯಿಂದ. ಒಂದು ನೇರಳೆ, ಜೇನು ಬರುವಂಥದ್ದು. ಇನ್ನೊಂದು ಬಿಳಿ, ರಾತ್ರಿ ಪತಂಗಕ್ಕಾಗಿ ಪರಿಮಳ ಬಿಡುವಂಥದ್ದು. ಆ ಸಂಜೆಯ ವಾಸನೆ ಬಿಳಿಯ ಕಡೆಯಿಂದ ಬಂದ ಆಸ್ತಿ.

ಚೀಲೇಟ್ ಮಾತ್ರ ಶಾಶ್ವತ ಉಪಾಯ ಅಲ್ಲ. ನೀರು ಬದಲಾಗದಿದ್ದರೆ ಹಳದಿ ಮತ್ತೆ ಬರುತ್ತದೆ. ಮಳೆನೀರು ಇರುವಷ್ಟು ದಿನ ಅದನ್ನೇ ಹಾಕುತ್ತೇನೆ. ಮುಗಿದಾಗ 10 ಲೀಟರ್ ಬೋರ್ ನೀರಿಗೆ ಸಿಟ್ರಿಕ್ ಆಸಿಡ್ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಕಲಕಿ, ಪಿಎಚ್ 6ರ ಹತ್ತಿರ ಬಂದಾಗ ನಿಲ್ಲಿಸುತ್ತೇನೆ. ನನ್ನ ನೀರಿಗೆ 3 ಗ್ರಾಂ ಆಸುಪಾಸು ಹಿಡಿಯಿತು. ನಿಮ್ಮ ನೀರಿಗೆ ಅದೇ ಅಳತೆ ಸರಿಹೋಗಬೇಕೆಂದಿಲ್ಲ, ಅಳೆದೇ ಹಾಕಿ. ಅಂದಾಜಿನಲ್ಲಿ ಸುರಿದರೆ ಬೇರು ಸುಡುತ್ತದೆ. ಮಣ್ಣಿಗೆ ಗಂಧಕದ ಪುಡಿಯನ್ನೂ ಬೆರೆಸಿದ್ದೇನೆ. ಅದನ್ನು ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲ ಮಾಡಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಪಾತಿಯ ಪಿಎಚ್ ಈಗ 7.4ಕ್ಕೆ ಇಳಿದಿದೆ. ಸುಣ್ಣ ಪೂರ್ತಿ ಕರಗುವ ತನಕ ಅದಕ್ಕಿಂತ ಬೇಗ ಇಳಿಯದು.

ಬೂದಿ ಆ ಪಾತಿಗೆ ಮತ್ತೆ ಹಾಕಿಲ್ಲ. ಚೆಂಡು ಹೂವನ್ನು ಅಂಚಿನಿಂದ ಎತ್ತಿ ಬೇರೆ ಜಾಗಕ್ಕೆ ಹಾಕಿದೆ. ಕಬ್ಬಿಣ ಹೀರುವುದರಲ್ಲಿ ಅದು ಎಷ್ಟು ಜೋರೆಂದರೆ, ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಬೇಕಾದ್ದಕ್ಕಿಂತ ಜಾಸ್ತಿ ಹೀರಿ, ಎಲೆ ಮೇಲೆ ತಾಮ್ರದ ಬಣ್ಣದ ಚುಕ್ಕೆಗಳು ಏಳುತ್ತವೆ. ಒಂದಕ್ಕೆ ಮದ್ದಾದ ನೀರು ಇನ್ನೊಂದಕ್ಕೆ ಆಗುವುದಿಲ್ಲ. ಮುಂದಿನ ಬಿತ್ತನೆಯ ಸಸಿಗಳು ಈಗ ಕುಂಡದಲ್ಲಿ 40 ದಿನ ದಾಟಿವೆ. ಇವುಗಳಲ್ಲಿ 12ನ್ನು ಪಾತಿಗೆ ಹಾಕದೆ ಕೊಕೊಪಿಟ್ ಮಿಶ್ರಣದ ದೊಡ್ಡ ಕುಂಡಗಳಲ್ಲೇ ಬೆಳೆಸುತ್ತೇನೆ. ದಿನಾ ಬೆಳಿಗ್ಗೆ ನೀರು ಹಾಕುವ ಮೊದಲು ತುದಿಯ ಎರಡು ಎಲೆ ನೋಡುತ್ತೇನೆ. ಇವತ್ತಿನ ತನಕ ಹಸಿರು.